ನೆತ್ತಿ ಒತ್ತಿದರೆ ತಲೆ ಗುಂಡಗಾಗುತ್ತದಾ? ಬುರುಡೆಯ ಹೊಲಿಗೆಯೊಳಗಿನ ಇಡುಗಂಟಿನ ಲೆಕ್ಕ

ಮಗುವಿನ ತಲೆಬುರುಡೆಯ ಮೂಳೆಗಳ ನಡುವಿನ ಹೊಲಿಗೆಗಳಲ್ಲಿ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲ ಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳಿವೆ. ಎಳೆತ ಎಷ್ಟು, ಒತ್ತಡ ಎಷ್ಟು ಅಂತ ಅವು ಗುರುತಿಸುತ್ತವೆ. ಅದನ್ನು ನೋಡಿಕೊಂಡು ಮೂಳೆಯಾಗಬೇಕೋ, ಇನ್ನೂ ಕಾಯಬೇಕೋ ಎಂದು ತೀರ್ಮಾನಿಸುತ್ತವೆ. ಇಂಥ ಸುದ್ದಿ ಕೆಲವು ವರ್ಷಗಳಿಂದ ಬೇರೆ ಬೇರೆ ಲ್ಯಾಬುಗಳಿಂದ ಬರುತ್ತಲೇ ಇದೆ. ಸುದ್ದಿಯಲ್ಲಿ ತಪ್ಪಿಲ್ಲ. ಆದರೆ ಅದು ಡೊಂಬಿವಲಿಯ ಮೊಬೈಲಿನಿಂದ ಮಾಟುಂಗಾದ ಮೊಬೈಲಿಗೆ, ಅಲ್ಲಿಂದ ಊರಿನ ಅಜ್ಜಿಯ ಮೊಬೈಲಿಗೆ ಹೋಗುವಷ್ಟರಲ್ಲಿ ಅರ್ಥವೇ ಬೇರೆಯಾಗಿರುತ್ತದೆ. "ನೋಡಿ, ಎಳೆ ಮಗುವಿನ ತಲೆ ಒತ್ತಿ ತಿದ್ದಬೇಕು ಅಂತ ನಾವು ಹೇಳಿದ್ದು ಇದನ್ನೇ ಅಲ್ವಾ!"

ಗೊಂದಲ ಅಷ್ಟಕ್ಕೇ ನಿಲ್ಲುವುದಿಲ್ಲ. ಮಕ್ಕಳ ಡಾಕ್ಟರು ತಲೆ ಒತ್ತಬೇಡಿ ಅನ್ನುತ್ತಾರೆ. ಬುರುಡೆ ಬೇಗ ಬೆಸೆದುಕೊಳ್ಳುವುದು ಜೀನ್ ದೋಷ ಎಂದು ಇನ್ನೊಬ್ಬರು ಬರೆಯುತ್ತಾರೆ. ಹೆಲ್ಮೆಟ್ ಹಾಕಿದರೆ ತಲೆ ಸರಿಹೋಗುತ್ತದೆ ಅಂತ ಜಾಹೀರಾತು ಬರುತ್ತದೆ. ಹೊಕ್ಕಳುಬಳ್ಳಿಯ ರಕ್ತ ಕೂಡಿಡಿ, ಸ್ಟೆಮ್ ಸೆಲ್ ಮುಂದೆ ಎಲ್ಲಕ್ಕೂ ಬೇಕಾಗುತ್ತದೆ ಅಂತ ಮತ್ತೊಂದು. ಇವೆಲ್ಲ ಒಂದೇ ವಿಷಯ ಮಾತಾಡುತ್ತಿರುವಂತೆ ಕಾಣುತ್ತವೆ. ಬಿಡಿಸಿ ನೋಡಿದರೆ ಒಂದೊಂದೂ ಬೇರೆ.

ಬುರುಡೆ ಒಂದೇ ಮೂಳೆಯಲ್ಲ

ಹುಟ್ಟಿದ ಮಗುವಿನ ತಲೆಯ ಮೇಲ್ಭಾಗ ಹಲವು ಚಪ್ಪಟೆ ಮೂಳೆಗಳ ಜೋಡಣೆ. ಹಣೆಯಲ್ಲಿ ಎರಡು, ಅದರ ಹಿಂದೆ ಪಕ್ಕಗಳಲ್ಲಿ ಎರಡು, ಹಿಂದಲೆಗೆ ಒಂದು, ಕಿವಿಯ ಹತ್ತಿರ ಇನ್ನೆರಡು. ಇವುಗಳ ನಡುವಿನ ತೆಳು ಪಟ್ಟಿಗಳಿಗೆ ಹೊಲಿಗೆ ಎಂದು ಹೆಸರು, ಡಾಕ್ಟರುಗಳ ಮಾತಿನಲ್ಲಿ ಸೂಚರ್. ಹಣೆಯ ನಡುವಿನದು ಮೆಟೋಪಿಕ್. ನಡುನೆತ್ತಿಯಲ್ಲಿ ಹಿಂದಕ್ಕೆ ಓಡುವುದು ಸ್ಯಾಜಿಟಲ್. ಕಿವಿಯಿಂದ ಕಿವಿಗೆ ಅಡ್ಡಲಾಗಿರುವುದು ಕರೋನಲ್. ಹಿಂದಲೆಯಲ್ಲಿ ಲ್ಯಾಂಬ್ಡಾಯ್ಡ್. ಹೊಲಿಗೆಗಳು ಸೇರುವ ಕಡೆ ಅಗಲವಾದ ಮೆತ್ತನೆ ಜಾಗ ಉಳಿದಿರುತ್ತದೆ. ನಾವು ನೆತ್ತಿ ಅನ್ನುವುದು, ನೆರೆಮನೆಯ ಮರಾಠಿ ಆಜಿ ಟಾಳೂ ಅನ್ನುವುದು, ಅದನ್ನೇ.

ಇಷ್ಟೊಂದು ಬಿರುಕು ಯಾಕೆ? ಹುಟ್ಟುವಾಗ ತಲೆ ಸ್ವಲ್ಪ ಮಡಚಿಕೊಂಡು ಹೊರಬರಬೇಕು, ಅದೊಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಮೆದುಳು. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 34-35 ಸೆಂಟಿಮೀಟರ್. ವರ್ಷ ತುಂಬುವಾಗ ಸುಮಾರು 46. ಆ ಒಂದು ವರ್ಷದಲ್ಲಿ ಮೆದುಳಿನ ಗಾತ್ರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಗಟ್ಟಿ ಡಬ್ಬಿಯೊಳಗೆ ಇದು ಆಗುವ ಕೆಲಸವಲ್ಲ.

ಮುಂಬೈಯ ಫ್ಲೈಓವರ್ ಮೇಲೆ ಹೋಗುವಾಗ ಸ್ವಲ್ಪ ದೂರಕ್ಕೊಮ್ಮೆ ಟಯರ್ ಧಡ್ ಅನ್ನುತ್ತದಲ್ಲ, ಅಲ್ಲಿ ಕಾಂಕ್ರೀಟು ಹಿಗ್ಗಲು ಕುಗ್ಗಲು ಬಿಟ್ಟ ಸಂದು ಇರುತ್ತದೆ. ಬುರುಡೆಯ ಹೊಲಿಗೆಯೂ ಸಂದೇ. ಆದರೆ ಫ್ಲೈಓವರಿನ ಸಂದಿನಲ್ಲಿ ಹೊಸ ಕಾಂಕ್ರೀಟು ಹುಟ್ಟುವುದಿಲ್ಲ. ಇಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಒಳಗೆ ಮೆದುಳು ಹಿಗ್ಗಿದಂತೆ ಮೂಳೆಗಳು ಸ್ವಲ್ಪ ದೂರ ಸರಿಯುತ್ತವೆ. ಸರಿದ ಜಾಗವನ್ನು ಅಂಚಿನಲ್ಲಿ ಹುಟ್ಟಿದ ಮೂಳೆ ತುಂಬುತ್ತದೆ. ಆದರೆ ಪೂರ್ತಿ ತುಂಬುವುದಿಲ್ಲ, ನಡುವೆ ಒಂದು ಪಟ್ಟಿ ಉಳಿಸುತ್ತದೆ. ಇಡೀ ರಹಸ್ಯ ಆ ಉಳಿಕೆಯಲ್ಲೇ ಇದೆ.

ನೆತ್ತಿ ಕೂಡುವುದೂ ಹೊಲಿಗೆ ಬೆಸೆಯುವುದೂ ಒಂದೇ ಅಂತ ತುಂಬಾ ಜನ ತಿಳಿದಿದ್ದಾರೆ. ಮುಂದಿನ ನೆತ್ತಿ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ ಕೂಡುತ್ತದೆ. ಹೊಲಿಗೆಗಳು ಹಾಗಲ್ಲ. ಮೆಟೋಪಿಕ್ ಮಾತ್ರ ಮೊದಲ ವರ್ಷದೊಳಗೇ ಬೆಸೆಯುತ್ತದೆ. ಮಿಕ್ಕವು ದೊಡ್ಡವರಾದ ಮೇಲೂ ಎಷ್ಟೋ ವರ್ಷ ಬೆಸೆಯದೆ ಇರುತ್ತವೆ. ಹಾಗಾಗಿ ನೆತ್ತಿ ಸ್ವಲ್ಪ ಬೇಗ ಕೂಡಿತು ಅಂದ ಮಾತ್ರಕ್ಕೆ ಗಾಬರಿ ಬೇಕಿಲ್ಲ. ನೆತ್ತಿ ಇನ್ನೂ ಮೆತ್ತಗಿದೆ, ಆದ್ದರಿಂದ ಹೊಲಿಗೆಗಳೆಲ್ಲ ಸರಿಯಾಗಿವೆ ಅಂತ ಸುಮ್ನೆ ಕೂರುವುದೂ ತಪ್ಪು.

ಬಡ್ಡಿಯಲ್ಲಿ ಬದುಕುವ ಮನೆ

ಹೊಲಿಗೆಯೊಳಗೆ ಏನಿದೆ ಅನ್ನುವುದು ಸ್ಪಷ್ಟವಾಗಿದ್ದು ಈಚೆಗೆ. 2015ರಲ್ಲಿ ಅಮೆರಿಕದ ಒಂದು ತಂಡ ಇಲಿಗಳ ಹೊಲಿಗೆಯ ನಡುಭಾಗದಲ್ಲಿ ಗ್ಲಿ1 ಎಂಬ ಗುರುತಿರುವ ಸ್ಟೆಮ್ ಸೆಲ್‌ಗಳನ್ನು ತೋರಿಸಿತು. ಮರುವರ್ಷ ಆಕ್ಸಿನ್2 ಗುರುತಿನ ಕೋಶಗಳ ಬಗ್ಗೆ ಇನ್ನೊಂದು ತಂಡ ಬರೆಯಿತು. ಈ ಕೋಶಗಳು ಎರಡು ಕೆಲಸ ಮಾಡುತ್ತವೆ. ಕೆಲವು ಒಡೆದು ಮೂಳೆ ಕಟ್ಟುವ ಕೋಶಗಳಾಗುತ್ತವೆ. ಕೆಲವು ತಮ್ಮಂಥವನ್ನೇ ಮತ್ತೆ ಹುಟ್ಟಿಸಿ ಸುಮ್ಮನೆ ಕಾಯುತ್ತವೆ. ಅಂದರೆ ಅಸಲು ಮುಟ್ಟದೆ ಬಡ್ಡಿಯಲ್ಲಿ ಸಂಸಾರ ನಡೆಸುವ ಇಡುಗಂಟಿನ ಹಾಗೆ. ಇಲಿಗಳಲ್ಲಿ ಗ್ಲಿ1 ಕೋಶಗಳನ್ನು ಬೇಕೆಂದೇ ನಾಶ ಮಾಡಿದಾಗ ಹೊಲಿಗೆಗಳು ಬೆಸೆದುಕೊಂಡವು. ಬುರುಡೆಯ ಬೆಳವಣಿಗೆ ನಿಂತಿತು. ಅಸಲು ಹೋದರೆ ಹೊಲಿಗೆಯೂ ಹೋಯಿತು.

2018ರ ಜೀಬ್ರಾಫಿಶ್ ಅಧ್ಯಯನ ಇದಕ್ಕಿಂತ ಸೋಜಿಗದ್ದು. ಮನುಷ್ಯರಲ್ಲಿ ಕರೋನಲ್ ಹೊಲಿಗೆ ಬೇಗ ಬೆಸೆಯುವ ಒಂದು ಕಾಯಿಲೆಗೆ ಕಾರಣವಾದ ಜೀನ್‌ಗಳನ್ನು ಆ ಮೀನುಗಳಲ್ಲಿ ಕೆಡಿಸಿದ್ದರು. ಹೊಲಿಗೆ ಇನ್ನೂ ಮೂಡುವ ಮೊದಲೇ ಮೂಳೆ ಅವಸರದಲ್ಲಿ ಬೆಳೆಯಿತು. ಆಮೇಲೆ ನಿಧಾನವಾಯಿತು. ಎರಡು ಮೂಳೆ ಎದುರಾಗುವ ಹೊತ್ತಿಗೆ ನಡುವೆ ಉಳಿಯಬೇಕಾದ ಕೋಶಗಳು ಸಾಕಷ್ಟು ಇರಲಿಲ್ಲ. ಎಲ್ಲ ಮೊದಲೇ ಖರ್ಚಾಗಿದ್ದವು. ಬೇಗ ಬೆಸೆದ ಹೊಲಿಗೆ ಅಂದರೆ ಕೊನೆಯಲ್ಲಿ ಏನೋ ಕೆಟ್ಟಿತು ಅಂತ ನಾವು ಊಹಿಸುತ್ತೇವೆ. ಖರ್ಚು ಶುರುವಾಗಿದ್ದು ಅದಕ್ಕಿಂತ ಎಷ್ಟೋ ಮುಂಚೆ.

ಈ ಲೆಕ್ಕ ಮನಸ್ಸಿನಲ್ಲಿದ್ದರೆ ಒತ್ತಡದ ಪ್ರಶ್ನೆ ಬೇರೆಯಾಗಿ ಕಾಣುತ್ತದೆ. ಬಲ ಬಿದ್ದರೆ ಮೂಳೆಯ ಆಕಾರ ಬದಲಾಗುತ್ತದಾ ಅಂತ ಕೇಳುವುದಕ್ಕಿಂತ, ಆ ಬಲದಿಂದ ಇಡುಗಂಟು ಎಷ್ಟು ಬೇಗ ಕರಗುತ್ತದೆ ಅಂತ ಕೇಳಬೇಕು.

ಕೋಶಕ್ಕೆ ಬಲ ಹೇಗೆ ಗೊತ್ತಾಗುತ್ತದೆ?

ಹೊಲಿಗೆಯ ಮೇಲೆ ನಾನಾ ಕಡೆಯಿಂದ ಬಲ ಬೀಳುತ್ತದೆ. ಒಳಗಿನಿಂದ ಮೆದುಳು ಹಿಗ್ಗಿಸುತ್ತದೆ. ಮೆದುಳಿಗೂ ಮೂಳೆಗೂ ನಡುವಿನ ಡ್ಯೂರಾ ಎಂಬ ಗಟ್ಟಿ ಪೊರೆ ಆ ಎಳೆತವನ್ನು ಹೊಲಿಗೆಗೆ ದಾಟಿಸುತ್ತದೆ, ಜೊತೆಗೆ ರಾಸಾಯನಿಕ ಸೂಚನೆಗಳನ್ನೂ ಕಳಿಸುತ್ತದೆ. ದವಡೆಯ ಸ್ನಾಯುಗಳು ಅಗಿಯುವಾಗ ಎಳೆಯುತ್ತವೆ. ಹಂದಿಗಳ ಬುರುಡೆಯಲ್ಲಿ ಇದನ್ನು ಅಳೆದಿದ್ದಾರೆ. ಅಗಿಯುವಾಗ ಕೆಲವು ಹೊಲಿಗೆ ಹಿಗ್ಗುತ್ತವೆ, ಕೆಲವು ಒತ್ತಿಕೊಳ್ಳುತ್ತವೆ. ಒತ್ತಿಕೊಳ್ಳುವ ಹೊಲಿಗೆಗಳು ಗರಗಸದ ಹಲ್ಲಿನಂತೆ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಹಿಗ್ಗುವವು ನೇರವಾಗಿರುತ್ತವೆ. ಹೊಲಿಗೆಯ ಆಕಾರ ನೋಡಿದರೆ ಅದು ಉಂಡ ಬಲದ ಚರಿತ್ರೆ ಸ್ವಲ್ಪ ಗೊತ್ತಾಗುತ್ತದೆ.

ಕೋಶದ ಮಟ್ಟದಲ್ಲಿ ಇದು ನಡೆಯುವ ಬಗೆಯೂ ಈಗ ಸುಮಾರು ತಿಳಿದಿದೆ. ಕೋಶ ತನ್ನ ಸುತ್ತಲಿನ ನಾರಿನ ಬಲೆಯನ್ನು ಇಂಟೆಗ್ರಿನ್ ಎಂಬ ಪ್ರೋಟೀನ್ ಕೊಕ್ಕೆಗಳಿಂದ ಹಿಡಿದುಕೊಂಡಿರುತ್ತದೆ. ಹಿಡಿದು ಸುಮ್ಮನಿರುವುದಿಲ್ಲ, ಆಗಾಗ ಜಗ್ಗಿ ನೋಡುತ್ತದೆ. ಜಗ್ಗಿದಾಗ ಬಲೆ ಸಡಿಲವಾಗಿ ಬಂದರೆ ಒಂದು ಸೂಚನೆ, ಬಿಗಿಯಾಗಿ ನಿಂತರೆ ಇನ್ನೊಂದು. ಕೋಶದ ಪೊರೆಯಲ್ಲಿ ಪೀಜೋ ಎಂಬ ಬಾಗಿಲುಗಳಿವೆ. ಪೊರೆ ಹಿಗ್ಗಿದರೆ ತೆರೆದು ಕ್ಯಾಲ್ಸಿಯಂ ಒಳಗೆ ಬಿಡುತ್ತವೆ. 2010ರಲ್ಲಿ ಇವನ್ನು ಪತ್ತೆಮಾಡಿದ ಆರ್ಡೆಮ್ ಪಟಪೌಟಿಯನ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಬಿಗಿತ ಜಾಸ್ತಿಯಾದಾಗ ಯಾಪ್, ಟಾಜ್ ಎಂಬ ಪ್ರೋಟೀನ್‌ಗಳು ಕೋಶದ ನಡುವಿನ ನ್ಯೂಕ್ಲಿಯಸ್‌ಗೆ ಹೋಗಿ ಕೆಲವು ಜೀನ್‌ಗಳನ್ನು ಎಬ್ಬಿಸುತ್ತವೆ ಎಂದು 2011ರಲ್ಲಿ ಗೊತ್ತಾಯಿತು.

ಈ ಕ್ಷೇತ್ರಕ್ಕೆ ಹೆಸರು ತಂದ ಪ್ರಯೋಗ 2006ರದ್ದು. ಮೂಳೆಮಜ್ಜೆಯ ಸ್ಟೆಮ್ ಸೆಲ್‌ಗಳನ್ನು ಬೇರೆ ಬೇರೆ ಗಟ್ಟಿತನದ ಜೆಲ್‌ಗಳ ಮೇಲೆ ಬೆಳೆಸಿದರು. ಮೆದುಳಿನಷ್ಟು ಮೆತ್ತಗಿನ ಜೆಲ್ ಮೇಲೆ ಅವು ನರಕೋಶದಂತೆ ಕಾಣತೊಡಗಿದವು. ಸ್ವಲ್ಪ ಬಿಗಿಯಾದ ಜೆಲ್ ಮೇಲೆ ಸ್ನಾಯುಕೋಶದಂತೆ. ಇನ್ನೂ ಗಟ್ಟಿ ಜೆಲ್ ಮೇಲೆ ಮೂಳೆ ಕಟ್ಟುವ ಕೋಶದಂತೆ. ಕೋಶಕ್ಕೆ ಅದು ಕೂತ ಹಾಸಿಗೆಯೇ ಸೂಚನೆಯಾಗಿತ್ತು. ನಮ್ಮ ಪೊವೈಯ ಐಐಟಿ ಬಾಂಬೆಯಲ್ಲೂ ಬಲ ಮತ್ತು ಜೀವಕೋಶಗಳ ಸಂಬಂಧದ ಸಂಶೋಧನೆ ನಡೆಯುತ್ತದೆ. ಮೆಕ್ಯಾನೋಬಯಾಲಜಿ ಎಂದು ಅದರ ಹೆಸರು.

ಈಗ ಇದನ್ನು ಹೊಲಿಗೆಗೆ ತಂದು ನೋಡೋಣ. ಹೊಲಿಗೆಯ ನಡುಭಾಗ ಮೆತ್ತಗೆ, ಎರಡೂ ಅಂಚು ಗಟ್ಟಿ. ನಡುವಿನ ಕೋಶ ಕಾಯುತ್ತದೆ, ಅಂಚಿನ ಹತ್ತಿರ ಸರಿದದ್ದು ಮೂಳೆಯಾಗುತ್ತದೆ. ಮೂಳೆಯಾದ ಕೋಶ ತನ್ನ ಸುತ್ತ ಇನ್ನಷ್ಟು ಗಟ್ಟಿ ನಾರು ಹೆಣೆಯುತ್ತದೆ. ಆಗ ಅದರ ಪಕ್ಕದ ಕೋಶಕ್ಕೂ ಹಾಸಿಗೆ ಗಟ್ಟಿಯಾಗುತ್ತದೆ. ತಡೆಯುವವರಿಲ್ಲದಿದ್ದರೆ ಇದು ಅಲೆಯಂತೆ ಸಾಗಿ ನಡುಭಾಗವನ್ನೂ ನುಂಗಬೇಕು. ಮೆದುಳಿನ ನಿಧಾನವಾದ ಹಿಗ್ಗುವಿಕೆ ಅಂಚುಗಳನ್ನು ದೂರ ಸರಿಸುತ್ತಾ ಇರುವುದರಿಂದ ನಡುವಿನ ಮೆತ್ತನೆ ಜಾಗ ಉಳಿಯುತ್ತದೆ. ತಳ್ಳುವಿಕೆ ನಿಂತರೆ ಅಂಚುಗಳು ಹತ್ತಿರ ಬರುತ್ತವೆ, ಅಸಲು ಕರಗುತ್ತದೆ.

ಬಲದ ಪ್ರಮಾಣದಷ್ಟೇ ಅದರ ಲಯವೂ ಮುಖ್ಯ. 2003ರಲ್ಲಿ ಮೊಲಗಳ ಮುಖದ ಹೊಲಿಗೆಗಳ ಮೇಲೆ ಬಲ ಹಾಕಿ ನೋಡಿದರು. ಒಂದೇ ಸಮನೆ ಒತ್ತಿಹಿಡಿದದ್ದಕ್ಕಿಂತ ಬಿಟ್ಟು ಬಿಟ್ಟು ಮಿಡಿಯುವ ಬಲಕ್ಕೆ ಹೊಲಿಗೆ ಜಾಸ್ತಿ ಬೆಳೆಯಿತು.

ಜೀನ್ ಕಡೆಯವರು, ಬಲದ ಕಡೆಯವರು

ಹೊಲಿಗೆ ಅಕಾಲದಲ್ಲಿ ಬೆಸೆಯುವುದಕ್ಕೆ ಕ್ರೇನಿಯೋಸಿನೋಸ್ಟೋಸಿಸ್ ಎನ್ನುತ್ತಾರೆ. ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಬೆಸೆದ ಹೊಲಿಗೆಯ ಅಡ್ಡಕ್ಕೆ ತಲೆ ಬೆಳೆಯುವುದಿಲ್ಲ, ಬೇರೆ ದಿಕ್ಕಿಗೆ ಬೆಳೆದು ಸರಿದೂಗಿಸಿಕೊಳ್ಳುತ್ತದೆ. ಇದನ್ನು ಜರ್ಮನಿಯ ರುಡಾಲ್ಫ್ ವಿರ್ಶೋ 1851ರಲ್ಲೇ ಹೇಳಿದ್ದ. ಸ್ಯಾಜಿಟಲ್ ಬೆಸೆದರೆ ತಲೆ ದೋಣಿಯಂತೆ ಉದ್ದವಾಗುವುದು ಅದಕ್ಕೇ.

ಬೆಸೆಯುವುದು ಯಾಕೆ ಅನ್ನುವುದರಲ್ಲಿ ಜಗಳ. ಜೀನ್ ಕಡೆಯವರ ಕೈಯಲ್ಲಿ ಗಟ್ಟಿ ಪುರಾವೆ ಇದೆ. 1993ರಲ್ಲಿ ಇದಕ್ಕೆ ಕಾರಣವಾಗುವ ಎಂಎಸ್ಎಕ್ಸ್2 ಎಂಬ ಜೀನ್ ಸಿಕ್ಕಿತು. ಆಮೇಲೆ ಎಫ್‌ಜಿಎಫ್‌ಆರ್2, ಟ್ವಿಸ್ಟ್1. ಹೊಲಿಗೆ ಬೇಗ ಬೆಸೆಯುವ ಹುಟ್ಟು ಕಾಯಿಲೆಗಳಲ್ಲೊಂದಾದ ಏಪರ್ಟ್ ಸಿಂಡ್ರೋಮ್ ಇರುವ ಬಹುತೇಕ ಎಲ್ಲ ಮಕ್ಕಳಲ್ಲೂ ಎಫ್‌ಜಿಎಫ್‌ಆರ್2ರ ಅಕ್ಕಪಕ್ಕದ ಎರಡು ಜಾಗಗಳಲ್ಲಿ ಒಂದು ಬದಲಾಗಿರುತ್ತದೆ. ಇಷ್ಟು ಖಚಿತವಾದ ಕಾರಣ ಇರುವಾಗ ಒತ್ತಡದ ಮಾತೇಕೆ?

ಯಾಕೆಂದರೆ ಹೆಚ್ಚಿನ ಮಕ್ಕಳಿಗೆ ಇಂಥ ಸಿಂಡ್ರೋಮ್ ಇರುವುದಿಲ್ಲ. ಒಂದೇ ಒಂದು ಹೊಲಿಗೆ ಬೆಸೆದಿರುತ್ತದೆ, ಉಳಿದೆಲ್ಲ ಸರಿ ಇರುತ್ತದೆ. ಬಲದ ಕಡೆಯವರು ತೋರಿಸುವುದು ಇದನ್ನೇ. ಅವರ ಹತ್ತಿರವೂ ಪುರಾವೆ ಕಡಿಮೆಯಿಲ್ಲ. ಮೆದುಳು ಬೆಳೆಯದ ಮಕ್ಕಳಲ್ಲಿ ಹೊಲಿಗೆ ಬೇಗ ಬೆಸೆಯಬಹುದು. ಮೆದುಳಿನಲ್ಲಿ ನೀರು ತುಂಬಿದ ಮಕ್ಕಳಲ್ಲಿ ಹೊಲಿಗೆ ಅಗಲವಾಗುತ್ತದೆ. ಅದೇ ಮಗುವಿಗೆ ಕೊಳವೆ ಹಾಕಿ ನೀರು ಬಸಿದಾಗ, ಒತ್ತಡ ಜಾಸ್ತಿಯೇ ಇಳಿದರೆ, ಕೆಲವೊಮ್ಮೆ ಹೊಲಿಗೆ ಬೆಸೆದುಬಿಡುತ್ತದೆ. ಇಲ್ಲಿ ಜೀನ್ ಬದಲಾಗಲಿಲ್ಲ, ಬಲ ಬದಲಾಯಿತು. ಗರ್ಭದಲ್ಲಿ ತಲೆ ಇಕ್ಕಟ್ಟಿಗೆ ಸಿಕ್ಕಿದರೂ ಹೀಗಾಗಬಹುದು ಎನ್ನುವ ವಾದವೂ ಇದೆ. ದಿನ ತುಂಬಿದ ಮೇಲೂ ಇಲಿಮರಿಗಳನ್ನು ಗರ್ಭದಲ್ಲೇ ಉಳಿಸಿದ ಪ್ರಯೋಗಗಳು ಅದಕ್ಕೆ ಬೆಂಬಲ ಕೊಡುತ್ತವೆ.

ಈ ಜಗಳದಲ್ಲಿ ಯಾವುದಾದರೂ ಒಂದು ಪಕ್ಷ ಗೆಲ್ಲಬೇಕು ಅಂತ ನನಗೆ ಅನ್ನಿಸುವುದಿಲ್ಲ. 2003ರಲ್ಲಿ ಫ್ರಾನ್ಸ್‌ನಲ್ಲಿ ಹಣ್ಣುನೊಣದ ಭ್ರೂಣವನ್ನು ಮೆಲ್ಲಗೆ ಅದುಮಿದಾಗ ಟ್ವಿಸ್ಟ್ ಜೀನೇ ಎದ್ದು ಕೂತಿತು. ನಮ್ಮ ಬುರುಡೆಯ ಟ್ವಿಸ್ಟ್1ಗೆ ಆ ಹೆಸರು ಬಂದದ್ದು ನೊಣದ ಆ ಜೀನ್‌ನಿಂದಲೇ. ಬಲ ಬಂದು ಜೀನ್ ಎಬ್ಬಿಸುತ್ತದೆ. ಎದ್ದ ಜೀನ್ ಕೋಶದ ಸುತ್ತಲಿನ ಬಿಗಿತ ಬದಲಿಸುತ್ತದೆ. ಬಿಗಿತ ಬದಲಾದರೆ ಮುಂದಿನ ಬಲ ಬೇರೆಯಾಗಿ ಮುಟ್ಟುತ್ತದೆ. ಜೀನ್ ಕೆಟ್ಟ ಮಗುವಿಗೆ ಮಾಮೂಲಿ ಬಲವೂ ದುಬಾರಿಯಾಗಬಹುದು. ಜೀನ್ ಸರಿ ಇರುವ ಮಗುವಿನಲ್ಲಿ ಅಸಹಜ ಬಲ ಅದೇ ಕೆಲಸ ಮಾಡಬಹುದು. ಕರಗುವುದು ಎರಡರಲ್ಲೂ ಅದೇ ಇಡುಗಂಟು.

ಹಾಗಾದರೆ ಎಳೆದು ಸರಿ ಮಾಡಬಹುದಲ್ಲ?

ಒಂದು ಮಟ್ಟಿಗೆ ಹೌದು, ಹಳೆಯ ಕೆಲಸವೇ ಅದು. ಅಂಗುಳಿನ ನಡುವೆಯೂ ಒಂದು ಹೊಲಿಗೆ ಇದೆ. ಮಕ್ಕಳ ಮೇಲ್ದವಡೆ ಕಿರಿದಾಗಿದ್ದರೆ ದಂತವೈದ್ಯರು ತಿರುಪು ಇರುವ ತಂತಿ ಹಾಕಿ ಅದನ್ನು ದಿನದಿನಕ್ಕೆ ಅಗಲಿಸುತ್ತಾರೆ. 1860ರಲ್ಲೇ ಅಮೆರಿಕದಲ್ಲಿ ಇದನ್ನು ಮಾಡಿದ ದಾಖಲೆ ಇದೆ. ಹೊಲಿಗೆ ಜೀವಂತ ಇದ್ದಾಗ ಎಳೆತಕ್ಕೆ ಹೊಸ ಮೂಳೆ ಕೊಡುತ್ತದೆ. ದೊಡ್ಡವರಲ್ಲಿ ಅದೇ ತಂತಿ ಅಷ್ಟು ಸುಲಭಕ್ಕೆ ಕೆಲಸ ಮಾಡುವುದಿಲ್ಲ.

ಬುರುಡೆಗೆ ಸ್ಪ್ರಿಂಗ್ ಹಾಕುವ ಶಸ್ತ್ರಚಿಕಿತ್ಸೆ 1990ರ ದಶಕದ ಕೊನೆಯಲ್ಲಿ ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಶುರುವಾಯಿತು. ಆದರೆ ಅಲ್ಲಿ ಮೊದಲು ಬೆಸೆದ ಮೂಳೆಯನ್ನು ಕತ್ತರಿಸುತ್ತಾರೆ, ಆಮೇಲೆ ಸ್ಪ್ರಿಂಗ್ ಅದನ್ನು ಅಗಲಿಸುತ್ತದೆ. ಬೆಸೆದುಹೋದ ಹೊಲಿಗೆಯನ್ನು ಬರೀ ಎಳೆತ ಮತ್ತೆ ಜೀವಂತ ಮಾಡುವುದಿಲ್ಲ. ಖಾಲಿಯಾದ ಖಾತೆಗೆ ಬಡ್ಡಿ ಬರುವುದಿಲ್ಲವಲ್ಲ.

ಖಾತೆಗೇ ಮತ್ತೆ ದುಡ್ಡು ಹಾಕಿದರೆ? 2021ರಲ್ಲಿ ಅದನ್ನೇ ಮಾಡಿದರು, ಇಲಿಗಳಲ್ಲಿ. ಟ್ವಿಸ್ಟ್1 ದೋಷವಿದ್ದ ಇಲಿಗಳ ಬೆಸೆದ ಹೊಲಿಗೆಯ ಜಾಗದಲ್ಲಿ ಮೂಳೆ ತೆಗೆದು, ಕರಗುವ ಜೆಲ್‌ನಲ್ಲಿ ಗ್ಲಿ1 ಸ್ಟೆಮ್ ಸೆಲ್‌ಗಳನ್ನು ಇಟ್ಟರು. ಹೊಲಿಗೆ ಮತ್ತೆ ಮೂಡಿತು. ಬುರುಡೆಯ ಆಕಾರ ಸುಧಾರಿಸಿತು, ಕಲಿಕೆಯ ತೊಂದರೆಗಳೂ ಕಡಿಮೆಯಾದವು. ಮಹತ್ವದ ಕೆಲಸ, ಸಂಶಯವಿಲ್ಲ. ಆದರೆ ಇಲಿಯ ಬುರುಡೆಗೂ ಮಗುವಿನ ಬುರುಡೆಗೂ ಗಾತ್ರದಲ್ಲಿ, ಬೆಳೆಯುವ ಅವಧಿಯಲ್ಲಿ, ಮೇಲೆ ಬೀಳುವ ಬಲದಲ್ಲಿ ಅಜಗಜಾಂತರ. ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆ ಇದಲ್ಲ.

ಹೊಕ್ಕಳುಬಳ್ಳಿಯ ಜಾಹೀರಾತು ನುಸುಳುವುದು ಇಲ್ಲೇ. ಆ ರಕ್ತದಲ್ಲಿ ಮುಖ್ಯವಾಗಿ ಇರುವುದು ರಕ್ತ ಹುಟ್ಟಿಸುವ ಸ್ಟೆಮ್ ಸೆಲ್. ಹೊಲಿಗೆಯಲ್ಲಿರುವುದು ಬೇರೆಯೇ ಕುಲ. ಒಂದರ ಸುದ್ದಿ ತೋರಿಸಿ ಇನ್ನೊಂದನ್ನು ಮಾರುವುದು ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟರೆ ಬೇರೆ ಸ್ಟೆಮ್ ಸೆಲ್ ಪ್ರಯೋಗಗಳು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನೊಳಗೆ ಮಾತ್ರ ನಡೆಯಬೇಕು.

ಮಾಲಿಶ್ ಬಾಯಿಯ ಕೈ

ಮತ್ತೆ ಅಜ್ಜಿಯ ಮಾತಿಗೆ ಬರೋಣ. ಎಣ್ಣೆ ನೀರು ಹಾಕಿ ತಲೆ ತಿದ್ದುವ ಪದ್ಧತಿ ನಮ್ಮಲ್ಲೂ ಇದೆ, ಮುಂಬೈಯಲ್ಲಿ ಮಗುವಿಗೆ ಎಣ್ಣೆ ತಿಕ್ಕಲು ಮನೆಗೆ ಬರುವ ಹೆಂಗಸರಾದ ಮಾಲಿಶ್ ಬಾಯಿಯರಲ್ಲೂ ಇದೆ. ಲ್ಯಾಬಿನವರು ಹೇಳುವ ಬಲ ಯಾವುದು? ಒಳಗಿನಿಂದ ಹೊರಕ್ಕೆ, ತೀರಾ ಮೆಲ್ಲಗೆ, ಹಗಲೂ ರಾತ್ರಿ ತಿಂಗಳುಗಟ್ಟಲೆ ಹಿಗ್ಗಿಸುವ ಬಲ. ಅಂಗೈ ಒತ್ತುವುದು ಹೊರಗಿನಿಂದ ಒಳಕ್ಕೆ, ಐದು ನಿಮಿಷ. ದಿಕ್ಕೂ ಉಲ್ಟಾ, ಕಾಲವೂ ಉಲ್ಟಾ. ವಿರಾರ್ ಲೋಕಲ್‌ನಲ್ಲಿ ಇಳಿಯುವವರು ಒಳಗಿನಿಂದ ತಳ್ಳುವುದೂ ಹತ್ತುವವರು ಹೊರಗಿನಿಂದ ತಳ್ಳುವುದೂ ಒಂದೇ ಅಂತ ಯಾರಾದರೂ ಅಂದರೆ ಒಪ್ಪುತ್ತೀರಾ? ಎಣ್ಣೆ ಹಚ್ಚಿ ಮೆಲ್ಲಗೆ ಸವರುವುದಕ್ಕೆ ಅಡ್ಡಿಯಿಲ್ಲ. ನೆತ್ತಿಯನ್ನೋ ಹಣೆಯನ್ನೋ ಒತ್ತಿ ಆಕಾರ ಕೊಡುವುದಕ್ಕೆ ಈ ಸಂಶೋಧನೆಯ ಬೆಂಬಲ ಇಲ್ಲ.

ಒಂದು ಕಡೆ ಚಪ್ಪಟೆಯಾದ ಹಿಂದಲೆ ಮಾತ್ರ ಹೊರಗಿನ ಬಲದ ಫಲ. ಒಂದೇ ಮಗ್ಗುಲಿಗೆ ತಲೆ ಇಟ್ಟು ಮಲಗಿದರೆ ಬರುತ್ತದೆ. ಹೊಲಿಗೆ ಬೆಸೆಯುವುದಕ್ಕಿಂತ ಎಷ್ಟೋ ಪಾಲು ಸಾಮಾನ್ಯ. ತೊಟ್ಟಿಲಲ್ಲಿ ಹಠಾತ್ ಸಾವು ತಪ್ಪಿಸಲು ಅಂಗಾತ ಮಲಗಿಸಿ ಎಂದು ಅಮೆರಿಕದಲ್ಲಿ 1992ರಲ್ಲಿ ಸಲಹೆ ಬಂದ ಮೇಲೆ ಇದು ಜಾಸ್ತಿಯಾಯಿತು, ಸಾವುಗಳು ಕಡಿಮೆಯಾದವು. ಹಾಗಾಗಿ ಅಂಗಾತ ಮಲಗಿಸುವುದನ್ನು ಬಿಡುವಂತಿಲ್ಲ. ಸಾಸಿವೆ ದಿಂಬಿಗಿಂತ, ಎಚ್ಚರವಿದ್ದಾಗ ಕಣ್ಣೆದುರೇ ಬೋರಲು ಹಾಕುವುದು, ಮಲಗಿಸುವ ದಿಕ್ಕು ಬದಲಿಸುವುದು ಒಳ್ಳೆಯದು. ಇಲ್ಲಿ ಹೊಲಿಗೆಗಳು ಜೀವಂತ ಇರುವುದರಿಂದ ಮೆದುಳು ಬೆಳೆದಂತೆ ಆಕಾರ ಬಹುಮಟ್ಟಿಗೆ ತಾನೇ ಸುಧಾರಿಸುತ್ತದೆ. ಹೆಲ್ಮೆಟ್ ಬೇಕಾ? ನೆದರ್ಲೆಂಡ್ಸ್‌ನಲ್ಲಿ 84 ಮಕ್ಕಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೆಲ್ಮೆಟ್ ಹಾಕಿದವರಿಗೂ ಹಾಕದವರಿಗೂ ಎರಡು ವರ್ಷದ ಹೊತ್ತಿಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬೆಸೆದ ಹೊಲಿಗೆಗೆ ಎಂಡೋಸ್ಕೋಪಿ ಆಪರೇಶನ್ ಆದ ಮೇಲೆ ಹಾಕುವ ಹೆಲ್ಮೆಟ್ ಬೇರೆ ವಿಷಯ, ಅದು ಚಿಕಿತ್ಸೆಯ ಭಾಗ.

ಮಲಗಿ ಚಪ್ಪಟೆಯಾದ ತಲೆಯನ್ನು ಮೇಲಿನಿಂದ ನೋಡಿದರೆ ಆ ಕಡೆಯ ಕಿವಿ, ಹಣೆ ಎರಡೂ ಮುಂದಕ್ಕೆ ಸರಿದಿರುತ್ತವೆ. ಹೊಲಿಗೆ ಬೆಸೆದಿದ್ದರೆ ಅದರ ಜಾಡಿನಲ್ಲಿ ಮೂಳೆಯ ಏಣು ಕೈಗೆ ಸಿಗುವುದುಂಟು. ತಲೆ ದೋಣಿಯಂತೆ ಉದ್ದವಾಗಿದ್ದರೆ, ಹಣೆ ತ್ರಿಕೋನದಂತೆ ಮುಂದೆ ಚೂಪಾಗಿದ್ದರೆ, ತಿಂಗಳು ಕಳೆದಂತೆ ಕಡಿಮೆಯಾಗುವ ಬದಲು ಜಾಸ್ತಿಯಾದರೆ ತೋರಿಸಲೇಬೇಕು.

ಮುಂಬೈ ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಬೆಸೆದ ಹೊಲಿಗೆಗೆ ಸಣ್ಣ ಗಾಯದ ಎಂಡೋಸ್ಕೋಪಿ ಆಪರೇಶನ್ ಸಾಮಾನ್ಯವಾಗಿ ಮೊದಲ ಮೂರು-ನಾಲ್ಕು ತಿಂಗಳಲ್ಲಿ ಚೆನ್ನ. ಆಮೇಲೆ ಮೂಳೆ ದಪ್ಪವಾಗುತ್ತದೆ, ದೊಡ್ಡ ಆಪರೇಶನ್ನೇ ಬೇಕಾಗುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೆರಿಗೆ, ಬಾಣಂತನ ತವರಿನಲ್ಲಿ. ತಾಯಿ ಮಗು ಉಡುಪಿಯಿಂದಲೋ ಹುಬ್ಬಳ್ಳಿಯಿಂದಲೋ ಮುಂಬೈಗೆ ಮರಳುವುದು ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ. ಅಲ್ಲಿಯವರೆಗೆ "ಹುಟ್ಟುವಾಗ ಹಾಗಿರುತ್ತೆ, ಕೂದಲು ಬಂದರೆ ಕಾಣಲ್ಲ" ಅನ್ನುವ ಸಮಾಧಾನ. ಇಲ್ಲಿನ ಡಾಕ್ಟರು ಮೊದಲ ಸಲ ತಲೆ ಮುಟ್ಟಿ ನೋಡುವ ಹೊತ್ತಿಗೆ ಆ ಅವಕಾಶ ದಾಟಿರುತ್ತದೆ.

ತವರಿನಲ್ಲಿದ್ದರೂ ತಪ್ಪದ ಮೂರು ಭೇಟಿಗಳಿವೆ: 6, 10 ಮತ್ತು 14ನೇ ವಾರದ ಲಸಿಕೆ. ಮೂರು ಸಲವೂ ಟೇಪಿನಲ್ಲಿ ತಲೆಯ ಸುತ್ತಳತೆ ಅಳೆಸಿ ಲಸಿಕೆ ಪುಸ್ತಕದಲ್ಲೇ ಬರೆಸಿ. ಜೊತೆಗೆ ಪ್ರತಿ ಸಲ ತಲೆಯ ಮೇಲಿನಿಂದ ಒಂದು ಫೋಟೋ ತೆಗೆದಿಡಿ. ಸುತ್ತಳತೆ ಸರಿಯಿದ್ದೂ ಆಕಾರ ಮಾತ್ರ ಓರೆಯಾಗುತ್ತಾ ಹೋಗುವುದು ಆ ಮೂರು ಫೋಟೋ ಅಕ್ಕಪಕ್ಕ ಇಟ್ಟಾಗಲೇ ಕಣ್ಣಿಗೆ ಬೀಳುತ್ತದೆ.